ನೇರ ಮನೆಗೆ

ಬಿಯರ್ ಲೋಟ ಮುಂದೆ ಬಂದು ಕೂತಾಗಲೇ ಮೊರಿಯಾಸುವಿಗೆ ತಾನು ಎಲ್ಲಿದ್ದೇನೆಂಬುದು ಹೊಳೆದದ್ದು.

ಕ್ಯೋಬಾಶಿ ಸ್ಟೇಷನ್ ಪಕ್ಕದ ಓಣಿ, ಕುರ್ಚಿಯೇ ಇಲ್ಲದ ಅಂಗಡಿ, ಕಡ್ಡಿಗೆ ಚುಚ್ಚಿದ ಮಾಂಸ ಎಣ್ಣೆಯಲ್ಲಿ ಚುರ್ರೆನ್ನುವ ಸದ್ದು. ಹೊರಗೆ ಇನ್ನೂ ಬಿಸಿಲಿತ್ತು. ಒಡತಿ ಇಸೊನೊ ಅವನ ಮುಖ ಕಂಡದ್ದೇ ತಡ, ಏನೂ ಕೇಳದೆ ಬಿಯರ್ ಬಗ್ಗಿಸಿ, ತಾವರೆಬೇರಿನ ಎರಡು ಕಡ್ಡಿಗಳನ್ನು ಎಣ್ಣೆಗೆ ಬಿಟ್ಟಿದ್ದಳು. ಇಪ್ಪತ್ತಾರು ವರ್ಷದಿಂದ ಅದೇ ಕ್ರಮ. ಇಲ್ಲಿ ಅವನಿಗೆ ಹೆಸರಿಲ್ಲ, ತಾವರೆಬೇರು ಎಂದೇ ಕರೆಯುತ್ತಾರೆ. ಏನು ಕೆಲಸ ಎಂದು ಯಾರೂ ಕೇಳಿಲ್ಲ, ಅವನೂ ಹೇಳಿಲ್ಲ.

ಅವನು ಚಿತಾಗಾರದಲ್ಲಿ ಒಲೆ ನೋಡಿಕೊಳ್ಳುವವನು.

ಆ ಕೆಲಸಕ್ಕೆ ಸೇರಿದ ದಿನ ಹೆಂಡತಿ ಚಿಜುರು ಬಾಗಿಲಲ್ಲೇ ನಿಂತು ಕಟ್ಟಪ್ಪಣೆ ಮಾಡಿದ್ದಳು. ಸತ್ತವರನ್ನು ಬೀಳ್ಕೊಟ್ಟು ನೇರ ಮನೆಗೆ ಬಂದರೆ ಅವರೂ ಬೆನ್ನಿಗೇ ಬರುತ್ತಾರೆ. ದಾರಿಯಲ್ಲಿ ಎಲ್ಲಾದರೂ ನಿಂತರೆ ಅವರಿಗೆ ದಾರಿ ತಪ್ಪುತ್ತದೆ. ಉಳಿದವರು ಎಂದೋ ಒಮ್ಮೆ ಪಾಲಿಸುವ ಪದ್ಧತಿ ಅವನ ಪಾಲಿಗೆ ದಿನಚರಿಯಾಯಿತು. "ದಿನಾ ಐದಾರು ಜನರನ್ನ ನನ್ನ ಅಡುಗೆಮನೆಗೆ ಕರ್ಕೊಂಡು ಬರ್ಬೇಡಿ ಮತ್ತೆ," ಎಂದಿದ್ದಳು. "ಒಂದು ಬಿಯರ್, ಎರಡು ಕಡ್ಡಿ. ಅವ್ರನ್ನ ಅಲ್ಲೇ ಬಿಟ್ಟು ಬನ್ನಿ." ನಂಬಿದನೋ ಇಲ್ಲವೋ, ಅವನು ಒಂದು ದಿನವೂ ತಪ್ಪಿಸಿರಲಿಲ್ಲ.

ಇವತ್ತು ಒಲೆಗೆ ಹೋದವಳು ಚಿಜುರು.

ರಜೆ ಹಾಕು ಎಂದು ಮೇಲಿನವರು ಎಷ್ಟೋ ಹೇಳಿದರು. ಬೇರೆಯವರ ಕೈಗೆ ಅವಳನ್ನು ಕೊಡಲು ಅವನಿಗೆ ಮನಸ್ಸು ಬರಲಿಲ್ಲ. ಟೋಪಿ ತೊಟ್ಟ, ಬಾಗಿ ನಮಿಸಿದ, ಗುಂಡಿ ಒತ್ತಿದ. ಆಮೇಲೆ ಮೂಳೆ ಆರಿಸುವಾಗ, "ಇದು ಕೊರಳಿನ ಮೂಳೆ, ಬುದ್ಧ ಕುಳಿತಂತೆ ಕಾಣುತ್ತದೆ, ದಯವಿಟ್ಟು ಗಮನಿಸಿ" ಎಂದು ಸ್ವಂತ ಮಗಳು ಮಿಹೊಗೆ ಬಹುವಚನದಲ್ಲಿ ವಿವರಿಸಿದ. ಆ ಜಾಗದಲ್ಲಿ ಅವನಿಗೆ ಬೇರೆ ದನಿ ಇರಲಿಲ್ಲ. ಚಿಕ್ಕ ಭರಣಿಗೆ ಹಿಡಿಸಿದಷ್ಟು ಮಗಳು ಒಯ್ದಳು. ಉಳಿದದ್ದನ್ನು ಅವನೇ ಎಂದಿನಂತೆ ಗುಡಿಸಿ ಬಳಿದ.

ಹೊರಡುವ ಮುಂಚೆ ಮಗಳನ್ನು ಬದಿಗೆ ಕರೆದು, ಎಲ್ಲೂ ನಿಲ್ಲದೆ ಮನೆಗೆ ಹೋಗು, ನೆಂಟರ ಊಟವೂ ಬೇಡ, ಸತ್ತವರು ಒಳಗೆ ಬರದಂತೆ ಹೊಸ್ತಿಲಲ್ಲಿ ಎರಚುವ ಉಪ್ಪನ್ನೂ ಎರಚಬೇಡ ಎಂದಿದ್ದ. ನಾದಿನಿ ಮುಖ ಗಂಟಿಕ್ಕಿದ್ದಳು. ಅವನು ಕಾರಣ ಹೇಳಲಿಲ್ಲ. ಮಗಳಿಗೆ ಹೇಳಿದ್ದು ಮುನ್ನೆಚ್ಚರಿಕೆಗಷ್ಟೇ; ಭರಣಿ ಅವಳ ಜೊತೆ ಹೋದರೂ ಚಿಜುರು ಹೋಗುವುದಿಲ್ಲ, ಪಾಳಿ ಮುಗಿಯುವ ತನಕ ಕಾದಿದ್ದು ತನ್ನ ಬೆನ್ನಿಗೇ ಬರುತ್ತಾಳೆ ಎಂದು ಅವನ ಲೆಕ್ಕ. ಇವತ್ತೊಂದು ದಿನ ನೇರ ಮನೆಗೆ ಹೋದರಾಯಿತು. ಅಷ್ಟೇ ಮಾಡಬೇಕಿದ್ದದ್ದು. ಬಟ್ಟೆ ಬದಲಿಸಿ, ರೈಲು ಹಿಡಿದು, ಇಳಿದು, ಇನ್ನೊಂದು ರೈಲಿಗೆಂದು ನಡೆದ. ಕಾಲುಗಳು ಓಣಿಗೆ ತಿರುಗಿದವು.

ಬಿಯರಿನ ನೊರೆ ಇಳಿಯುತ್ತಿತ್ತು. ಇನ್ನೂ ಮುಟ್ಟಿಲ್ಲ, ಮುಟ್ಟದಿದ್ದರೆ ನಿಂತ ಲೆಕ್ಕಕ್ಕೆ ಬರುವುದಿಲ್ಲವೇನೋ ಎಂದು ಅವನು ತನ್ನಲ್ಲೇ ವಾದ ಹೂಡಿದ. ಇಪ್ಪತ್ತಾರು ವರ್ಷ ತಾನು ಇಲ್ಲಿ ಬಿಟ್ಟುಹೋದವರೆಲ್ಲ ಈ ಎಣ್ಣೆ ಹೊಗೆಯಲ್ಲಿ ಒತ್ತೊತ್ತಾಗಿ ನಿಂತಿದ್ದಾರೆ ಅನಿಸಿತು. ಅವರ ನಡುವೆ ಅವಳು, ಯಾರ ಪರಿಚಯವೂ ಇಲ್ಲದೆ.

ಕಚೇರಿ ಬಿಟ್ಟವರ ಹಿಂಡು ಒಳಬಂತು. ಇಲ್ಲಿ ಜನ ಹೆಚ್ಚಾದರೆ ಎಲ್ಲರೂ ಒಂದು ಭುಜ ಮುಂದೆ ಮಾಡಿ ಓರೆಯಾಗಿ ನಿಂತು ಜಾಗ ಬಿಡುವುದು ರೂಢಿ. ಸಾಲು ಓರೆಯಾಯಿತು. ಮೊರಿಯಾಸು ಅಲ್ಲಾಡಲಿಲ್ಲ. ಅವನ ಎಡಗಡೆ ಒಂದಾಳಿನ ಜಾಗ ಖಾಲಿ ಉಳಿಯಿತು.

ಅತ್ತ ಬದಿಯಲ್ಲಿದ್ದ ಮುದುಕ, ಹೆಂಚು ಹೊದಿಸುವವನು, ಅಂಗಡಿಗೆ ಗೌಜಲಮೊಟ್ಟೆ ಎಂದೇ ಪರಿಚಿತ, ನಕ್ಕ. "ಏನಪ್ಪಾ ತಾವರೆಬೇರು, ಜಾಗ ಬರೆಸ್ಕೊಂಡಿದೀಯಾ? ಸ್ವಲ್ಪ ಸರಿ."

"ಇಲ್ಲಿ ಆಗಲ್ಲ."

"ಯಾಕೆ, ಯಾರಾದ್ರೂ ಬರ್ತಾರಾ?"

"ಬಂದಿದಾಳೆ."

ಮುದುಕ ಖಾಲಿ ಜಾಗ ನೋಡಿದ. ಇಸೊನೊ ಬಿಯರ್ ನೋಡಿದಳು, ಆರಿದ ಕಡ್ಡಿಗಳನ್ನು ನೋಡಿದಳು. ತಾವರೆಬೇರು ಆರಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

"ಹೆಂಡತಿ," ಎಂದ ಮೊರಿಯಾಸು. "ಇವತ್ತು ಸುಟ್ಟು ಬಂದೆ. ನೇರ ಮನೆಗೆ ಕರ್ಕೊಂಡು ಹೋಗ್ಬೇಕಿತ್ತು ಅಕ್ಕ. ಮರೆತು ಇಲ್ಲಿಗೆ ಬಂದ್ಬಿಟ್ಟೆ."

ಆ ಪದ್ಧತಿ ಬಲ್ಲ ಇಲ್ಲಿಯವರಿಗೆ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ಇಸೊನೊ ಲೋಟ ಎತ್ತಿ ಬಿಯರನ್ನು ಬಚ್ಚಲಿಗೆ ಸುರಿದಳು. ಕಡ್ಡಿಗಳನ್ನು ತೆಗೆದಳು. ಅವನ ಮುಂದಿನ ಹಲಗೆಯನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದಳು.

"ನೀವು ಇವತ್ತು ಬಂದೇ ಇಲ್ಲ," ಎಂದಳು. "ಯಾರಾದ್ರೂ ನೋಡಿದ್ರಾ?"

"ನನ್ನ ಕಣ್ಣಿಗೆ ಪೊರೆ ಬಂದು ಮೂರು ವರ್ಷ ಆಯ್ತು," ಎಂದ ಮುದುಕ, ಗೋಡೆಯ ಕಡೆ ತಿರುಗಿ. ಏನೂ ಅರಿಯದ ಕಚೇರಿಯ ಹುಡುಗರೂ ಗೋಡೆ ನೋಡಿದರು.

ಮೊರಿಯಾಸು ಬಾಗಿ ನಮಿಸಿದ. ಬಾಗಿಲಿನ ಪರದೆ ಎತ್ತಿ ಹಿಡಿದು ಒಂದು ಗಳಿಗೆ ನಿಂತ, ಅವಳು ಮೊದಲು ದಾಟಲಿ ಎಂಬಂತೆ.

ಬೀದಿಗೆ ಬಂದ ಮೇಲೆ ಒಂದು ವಿಷಯ ತಿಳಿಯಿತು. ಬೆನ್ನಿಗೆ ಯಾರಾದರೂ ಬರುತ್ತಿದ್ದರೆ ಹೇಗನಿಸುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಬಿಟ್ಟು ಬರುವುದನ್ನಷ್ಟೇ ಕಲಿತಿದ್ದ. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಅಂಗಿಯಲ್ಲಿ ಎಣ್ಣೆಯ ವಾಸನೆ ಇತ್ತು; ಅದನ್ನು ಒರೆಸಲು ಅವನ ಬಳಿ ಒದ್ದೆ ಬಟ್ಟೆ ಇರಲಿಲ್ಲ. ಚಿಜುರುವಿನ ಮಂಡಿ ನೋವು ನೆನಪಾಗಿ ನಿಧಾನ ನಡೆದ, ಹಿಂದಿನವರು ಗೊಣಗುತ್ತ ದಾಟಿಹೋದರು.

ಪ್ಲಾಟ್‌ಫಾರ್ಮಿಗೆ ಬಂದ ರೈಲು ಕಿಕ್ಕಿರಿದಿತ್ತು. ಅವಳಿಗೆ ನೂಕುನುಗ್ಗಲು ಆಗದು. ಬಿಟ್ಟ. ಮುಂದಿನದನ್ನೂ ಬಿಟ್ಟ. ಮಿಹೊ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳಿದಳು.

"ಬರ್ತಾ ಇದೀವಿ," ಎಂದ. ಮೂರನೆಯ ರೈಲೂ ತುಂಬಿಕೊಂಡೇ ಬಂತು.