ತಣ್ಣನೆಯ ಬಾಯ್ಲರಿಗೆ ಎಂಟು ಗಂಟೆ

"ಲೋ ಮಸಿಮೂತಿ, ಬೆಂಕಿ ಹಚ್ಚು ಅಂದ್ರೆ ಪೈಪು ಸವರ್ತಾ ಕೂತಿದೀಯಲ್ಲೋ!"

ಕರೆಂಟು ಕಾರ್ಖಾನೆಯ ಸಾಹೇಬ ಬಾಯ್ಲರ್ ಮನೆಯ ಬಾಗಿಲಲ್ಲೇ ನಿಂತು ಕಿರುಚಿದ. ಒಳಗೆ ಕಾಲಿಟ್ಟರೆ ಬೂಟಿಗೆ ಬೂದಿ ಮೆತ್ತೀತೆಂಬ ಭಯ.

ಒಲೆಯಣ್ಣ ತಿರುಗಿ ನೋಡಲಿಲ್ಲ. ಕಬ್ಬಿಣದ ಸರಳಿನ ಒಂದು ತುದಿ ಪೈಪಿಗೊತ್ತಿ, ಇನ್ನೊಂದನ್ನು ಕಿವಿಗಿಟ್ಟು ಕೂತಿದ್ದ. ಆಚೆ ತುದಿಯಲ್ಲಿ ಅವನ ಭಾವಮೈದ ಸುತ್ತಿಗೆಯಿಂದ ತಟ್ಟುತ್ತಿದ್ದ. ಗಟ್ಟಿ ಪೈಪು ಖಣ್ ಎನ್ನುತ್ತದೆ, ತುಕ್ಕು ತಿಂದದ್ದು ಬೊದ್ ಎನ್ನುತ್ತದೆ. ಬೊದ್ ಎನ್ನುವವೇ ಜಾಸ್ತಿ ಇದ್ದವು.

ಇಪ್ಪತ್ತಾರು ವರ್ಷ ಈ ಬಾಯ್ಲರಿಗೆ ಕಲ್ಲಿದ್ದಲು ಉಣಿಸಿದವನನ್ನು ಮೂರು ವರ್ಷದ ಹಿಂದೆ ಇದೇ ಸಾಹೇಬ ಗೇಟಿನಾಚೆ ದಬ್ಬಿದ್ದ. ಇನ್ನು ಬಿಸಿಲು, ಗಾಳಿಯಿಂದಲೇ ಕರೆಂಟು, ನಿಮ್ಮ ಹೊಗೆ ಸಾಕು ಅಂದಿದ್ದ. ಒಲೆಯಣ್ಣನಿಗೂ ಹೊಗೆಯ ಮೇಲೇನೂ ಮೋಹವಿರಲಿಲ್ಲ. ಕೆಮ್ಮಿದರೆ ಇವತ್ತಿಗೂ ಕಪ್ಪು. ಆದರೆ ಹನ್ನೊಂದು ದಿನದಿಂದ ಮೋಡ ಕದಲಿಲ್ಲ, ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆ ಅಲ್ಲಾಡಿಲ್ಲ. ಕರೆಂಟು ಕೂಡಿಡಲು ಕಟ್ಟುತ್ತೇವೆಂದ ಬ್ಯಾಟರಿ ಮನೆ ಪಾಯ ಬಿಟ್ಟು ಮೇಲೆದ್ದಿಲ್ಲ. ಊರು ಪೂರ್ತಿ ಆರಿದ ಮೇಲೆ ಜೀಪು ಇವನ ಮನೆ ಹುಡುಕಿಕೊಂಡು ಬಂದಿತ್ತು.

"ಎರಡು ಗಂಟೇಲಿ ಕರೆಂಟು ಬರ್ಬೇಕು. ಮೇಲಿನವ್ರು ಪ್ರಾಣ ತಿಂತಿದಾರೆ."

"ಎಂಟು ಗಂಟೆ ಬೇಕು ಸಾಹೇಬ್ರೆ. ಒಂದೇ ಸಲ ಕಾಸಿದ್ರೆ ಪೈಪು ಸೀಳುತ್ತೆ. ಹಬೆಗೆ ಸಿಕ್ಕವ್ರ ಚರ್ಮ ಅಂಗಿ ಥರ ಕಳಚುತ್ತೆ. ಒಳಗೆ ಐದು ಜನ ಇದೀವಿ."

"ಆಸ್ಪತ್ರೆ ಜನರೇಟರೂ ನಿಂತಿದೆ ಕಣೋ! ಮನುಷ್ಯತ್ವ ಇಲ್ವಾ ನಿಂಗೆ?"

"ನಮ್ಮಮ್ಮನೂ ಅಲ್ಲೇ ಮಲಗಿದಾಳೆ. ಮೋಡ ಕವಿದ ದಿನಾನೇ ಕರೆದಿದ್ರೆ ಈ ಅವಸರ ಇರ್ತಿತ್ತಾ?"

"ಆಗಲ್ಲ ಅಂದ್ರೆ ಹೇಳು. ನಿನ್ನಂಥ ನಾಯಿಗಳು ನೂರು ಸಿಗ್ತಾವೆ."

"ಸಿಕ್ಕಿದ್ರೆ ನಮ್ಮ ಬಾಗಿಲಿಗ್ಯಾಕೆ ಬರ್ತಿದ್ದ, ಸೂಳೆಮಗ," ಭಾವಮೈದ ಗೊಣಗಿದ. ಕಲ್ಲಿದ್ದಲು ಹೊತ್ತು ಸುಸ್ತಾಗಿದ್ದ ಉಳಿದ ಮೂವರಿಗೆ ನಗುವಷ್ಟೂ ತ್ರಾಣವಿರಲಿಲ್ಲ.

ಒಲೆಯಣ್ಣ ಮೊಣಕಾಲು ಹಿಡಿದುಕೊಂಡು ಎದ್ದ. ಬಾಗಿಲಿಗೆ ಹೋಗಿ, ಮುದುಕರನ್ನು ರಸ್ತೆ ದಾಟಿಸುವವನ ಹಾಗೆ, ಸಾಹೇಬನ ರಟ್ಟೆ ಹಿಡಿದು ಒಳಗೆ ನಡೆಸಿಕೊಂಡು ಬಂದ. ಬಾಯ್ಲರಿನ ಪಕ್ಕದ ಮುರುಕು ಸ್ಟೂಲಿನ ಮೇಲೆ ಕೂರಿಸಿದ.

"ಏಯ್, ಕೈ ಬಿಡೋ!"

ಭಾವಮೈದ ಕಬ್ಬಿಣದ ಬಾಗಿಲೆಳೆದು ಒಳಗಿನಿಂದ ಚಿಲಕ ಜಡಿದ.

ಒಲೆಯಣ್ಣ ಪಂಜು ಹಚ್ಚಿದ. "ಈಗ ಆರು ಜನ ಆದ್ವಿ. ಎರಡು ಗಂಟೆನಾ, ಎಂಟು ಗಂಟೆನಾ? ನೀವು ಹೇಳಿದ ಹಾಗೇ ಕಾಸ್ತೀನಿ."

ಸಾಹೇಬ ಕೂತಲ್ಲೇ ಕಾಲು ಹಿಂದಕ್ಕೆಳೆದುಕೊಂಡ. ಪಂಜಿನಿಂದ ಉರಿಯುವ ಎಣ್ಣೆ ಹನಿಹನಿಯಾಗಿ ಅವನ ಬೂಟಿನ ಮುಂದೆ ಬೀಳುತ್ತಿತ್ತು.