ಗುಡಿಸದೆ ಬಿಟ್ಟ ನೆಲ

ಮನೆಮನೆ ಸುತ್ತಿ ಮರಮುಟ್ಟು ಪರೀಕ್ಷಿಸುವುದೇ ಅವಳ ಉದ್ಯೋಗ. ಬಾಗಿಲು, ಕಿಟಕಿ, ಮಂಚ ಯಾವುದಕ್ಕೆ ಗೆದ್ದಲು ಹಿಡಿದರೂ ಜನ ಅವಳನ್ನೇ ಕರೆಯುತ್ತಿದ್ದರು. ಅವಳ ಅಡ್ಡಹೆಸರು ಗೆದ್ದಲಕ್ಕ, ಆ ಹೆಸರಿನ ಮೇಲೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು. ಆದರೆ ಸ್ವಂತ ಅಣ್ಣನ ಮನೆಗೆ ಗೆದ್ದಲು ಹತ್ತಿದ ಸುದ್ದಿ ಅವಳ ಕಿವಿಗೆ ಬಿದ್ದದ್ದು ಎಲ್ಲರಿಗಿಂತ ಕೊನೆಗೆ. ಚಿಕ್ಕಂದಿನಲ್ಲಿ ಅವಳ ಮೂಗು ಒರೆಸಿದ ಅಣ್ಣನಿಗೆ ತಂಗಿಯೂ ಒಂದು ವಿಷಯ ಬಲ್ಲವಳು ಎಂದು ಒಪ್ಪುವುದು ಸುಲಭವೇ? ಅವನು ಆಗಲೇ ಔಷಧಿ ಹೊಡೆಯುವವನನ್ನು ಕರೆಸಿ, ಸೋಮವಾರಕ್ಕೆ ಕೆಲಸ ಗೊತ್ತುಮಾಡಿದ್ದ.

ಆ ಮನೆಯ ಮುಂದಿನ ಕೋಣೆಯಲ್ಲಿ ಅತ್ತಿಗೆ ಕೂಸುಗಳನ್ನು ನೋಡಿಕೊಳ್ಳುತ್ತಿದ್ದಳು. ಕೆಲಸಕ್ಕೆ ಹೋಗುವ ತಂದೆತಾಯಿಗಳು ಬೆಳಿಗ್ಗೆ ಬಿಟ್ಟರೆ ಸಂಜೆಯವರೆಗೆ ಅವು ಅವಳವೇ. ಕಿಟಕಿಯ ಬಳಿ ಉದುರಿದ್ದ ಗೆದ್ದಲುಹುಳದ ರೆಕ್ಕೆಗಳ ಮಾತು ಕೇಳಿದ ಔಷಧಿಯವನು, ಇದು ನೆಲದಡಿಯಿಂದ ಬಂದ ಗೆದ್ದಲು, ಗೋಡೆಯುದ್ದಕ್ಕೂ ನೆಲ ಕೊರೆದು ಔಷಧಿ ಬಿಡಬೇಕು ಎಂದಿದ್ದ. ವಾಸನೆ ಪೂರ್ತಿ ಹೋಗುವತನಕ ಕೂಸುಗಳನ್ನು ಒಳಗೆ ಬಿಡುವ ಹಾಗಿರಲಿಲ್ಲ. ಅಷ್ಟು ದಿನ ಬಾಗಿಲು ಹಾಕಿದರೆ ತಂದೆತಾಯಿಗಳು ಬೇರೆ ದಾರಿ ನೋಡಿಕೊಳ್ಳುತ್ತಾರೆ, ಬೇರೆ ತೊಡೆಗೆ ಒಗ್ಗಿದ ಕೂಸು ತಿರುಗಿ ಬರುವುದಿಲ್ಲ. ಕಷ್ಟಪಟ್ಟು ಕಟ್ಟಿಕೊಂಡ ಕೆಲಸ ಮುಳುಗುತ್ತದೆಂದು ಅತ್ತಿಗೆಗೆ ಊಟ ಸೇರುತ್ತಿರಲಿಲ್ಲ.

ಶನಿವಾರ ಸಂಜೆ ಗೆದ್ದಲಕ್ಕ ಟಾರ್ಚು ಹಿಡಿದು ಬಂದಳು. ಆ ಸೀಮೆಯಲ್ಲಿ ಮನೆ ಹಾಳುಮಾಡುವ ಗೆದ್ದಲು ಎರಡು ಜಾತಿ. ನೆಲದ ಗೆದ್ದಲಿಗೆ ತೇವ ಬೇಕು, ಅದು ಮಣ್ಣಿನ ಗೆರೆ ಎಳೆದುಕೊಂಡೇ ಗೋಡೆ ಹತ್ತುತ್ತದೆ. ಒಣಮರದ ಗೆದ್ದಲಿಗೆ ಮಣ್ಣೂ ಬೇಡ, ನೀರೂ ಬೇಡ. ಒಂದೇ ಮರದೊಳಗೆ ಸಂಸಾರ ಹೂಡಿ, ಸೂಜಿತೂತಿನಂಥ ಕಿಂಡಿಯಿಂದ ಹಿಕ್ಕೆಯನ್ನು ಹೊರಗೆ ತಳ್ಳುತ್ತದೆ. ರೆಕ್ಕೆ ಎರಡಕ್ಕೂ ಬರುತ್ತದೆ, ಬರೀ ರೆಕ್ಕೆಯ ಮಾತು ಕೇಳಿ ಜಾತಿ ಹೇಳಲಾಗದು. ಗೆದ್ದಲಕ್ಕ ಗೋಡೆಯ ಬುಡ, ನಲ್ಲಿಯ ಕೆಳಗು, ಹಿತ್ತಲ ತಳಪಾಯ ಎಲ್ಲವನ್ನೂ ಜಾಲಾಡಿದಳು. ಎಲ್ಲೂ ಮಣ್ಣಿನ ಗೆರೆ ಇರಲಿಲ್ಲ.

ಇನ್ನು ಸಿಗಬೇಕಾದದ್ದು ಹಿಕ್ಕೆ. ಆದರೆ ಅತ್ತಿಗೆಯ ಮನೆಯಲ್ಲಿ ಕಸ ಹುಡುಕುವುದೆಂದರೆ ಬೋಳುತಲೆಯಲ್ಲಿ ಬೈತಲೆ ಹುಡುಕಿದ ಹಾಗೆ. ಕೂಸುಗಳು ಬರುವ ಮುಂಚೆ, ಉಂಡ ಮೇಲೆ, ಹೋದ ಮೇಲೆ ಗುಡಿಸಿ ಒರೆಸುವವಳು ಅವಳು. ಆ ರೆಕ್ಕೆಗಳನ್ನೂ ಆವತ್ತೇ ಗುಡಿಸಿಹಾಕಿದ್ದಳು.

"ಅತ್ತಿಗೆ, ಇವತ್ತು ಪೊರಕೆ ಮುಟ್ಟಬೇಡಿ. ನಾಳೆ ಬೆಳಿಗ್ಗೆ ನಾನು ಬರೋತನಕ ನೆಲ ಹಾಗೇ ಇರ್ಲಿ," ಎಂದಳು ಗೆದ್ದಲಕ್ಕ.

ಉಪವಾಸ ಇರು ಎಂದಿದ್ದರೆ ಅತ್ತಿಗೆ ಸುಲಭವಾಗಿ ಒಪ್ಪುತ್ತಿದ್ದಳೇನೋ. ಅಣ್ಣನೂ ಮೂಗು ಮುರಿದ. ನಿನ್ನ ಮಾತು ನಂಬಿ ಔಷಧಿಯವನನ್ನು ಬಿಟ್ಟು, ನಾಳೆ ಬಾಗಿಲ ಚೌಕಟ್ಟು ಕೂಸುಗಳ ಮೇಲೆ ಬಿದ್ದರೆ ಯಾರು ಹೊಣೆ ಎಂದು ಕೇಳಿದ. ಗೆದ್ದಲಕ್ಕ ನಾನೇ ಎಂದಳು, ಚೂರೂ ತಡವರಿಸಲಿಲ್ಲ.

ಅತ್ತಿಗೆ ತನ್ನ ಮೇಲೆ ತನಗೇ ನಂಬಿಕೆ ಸಾಲದೆ ಪೊರಕೆಯನ್ನು ಪಕ್ಕದ ಮನೆಗೆ ಕೊಟ್ಟುಬಂದಳು.

ಭಾನುವಾರ ಬೆಳಿಗ್ಗೆ ಆಟಿಕೆ ಜೋಡಿಸುವ ಗಿಡ್ಡ ಕಪಾಟಿನ ಬುಡದಲ್ಲಿ ಒಂದು ಚಿಟಿಕೆ ರವೆಯಂಥ ಕಾಳುಗಳು ಬಿದ್ದಿದ್ದವು. ಗೆದ್ದಲಕ್ಕ ಭೂತಗನ್ನಡಿ ಹಿಡಿದು ಅಣ್ಣನನ್ನು ಬಗ್ಗಿಸಿದಳು. ಪ್ರತಿ ಕಾಳಿಗೂ ಯಾರೋ ಕೂತು ಕೆತ್ತಿದಂತೆ ಆರು ಮುಖ. ಒಣಮರದ ಗೆದ್ದಲಿನ ಹಿಕ್ಕೆ ಹಾಗೇ ಇರುತ್ತದೆ, ಅನುಮಾನಕ್ಕೆ ಎಡೆಯೇ ಇಲ್ಲ ಎಂದಳು. ಕೂಸುಗಳು ಕಾಲಲ್ಲಿ ತಂದ ಮರಳೆಂದು ಅದನ್ನು ದಿನವೂ ತಾನೇ ಗುಡಿಸುತ್ತಿದ್ದೆ ಎಂದು ಅತ್ತಿಗೆ ಹಣೆ ಚಚ್ಚಿಕೊಂಡಳು.

ಗೆದ್ದಲಕ್ಕ ಕಪಾಟನ್ನು ಬಡಿದರೆ ಟೊಳ್ಳು ಸದ್ದು ಬಂತು. ಚೌಕಟ್ಟು, ಕಿಟಕಿ ಒಂದೊಂದನ್ನೂ ಬಡಿದು, ಚುಚ್ಚಿ ನೋಡಿದಳು. ಎಲ್ಲವೂ ಕಲ್ಲಿನಂತೆ ಗಟ್ಟಿಯಾಗಿದ್ದವು. ನೆಲ ಕೊರೆಯುವುದು ಬೇಡ, ಈ ಕಪಾಟೊಂದನ್ನು ಹೊರಗೆ ಒಯ್ದು ಸುಟ್ಟರೆ ಸಾಕು, ಉಳಿದ ಮರವನ್ನು ತಾನು ಆಗಾಗ ಬಂದು ನೋಡುತ್ತೇನೆ ಎಂದಳು. ನಾಳೆ ಕೂಸುಗಳು ಎಂದಿನಂತೆ ಬರಬಹುದು.

ಅಣ್ಣನ ಮುಖ ಬಿಳಿಚಿಕೊಂಡಿತು. ಅತ್ತಿಗೆ ಈ ಕೆಲಸ ಶುರುಮಾಡಿದಾಗ ಹಳೆಯ ಪೆಟ್ಟಿಗೆಗಳ ಹಲಗೆ ಕಿತ್ತು ಆ ಕಪಾಟು ಮಾಡಿಕೊಟ್ಟವನು ಅವನೇ. ಅದರ ಸೊಟ್ಟ ಕಾಲನ್ನು ಅತ್ತಿಗೆ ಬಂದವರಿಗೆಲ್ಲ ತೋರಿಸಿ ಆಡಿಕೊಳ್ಳುತ್ತಿದ್ದಳು. ಇವತ್ತಂತೂ ತನಗೆ ಉಳಿಗಾಲವಿಲ್ಲ ಎಂದುಕೊಂಡ ಅಣ್ಣ ಔಷಧಿಯವನಿಗೆ ಫೋನಿನಲ್ಲಿ ಬೇಡವೆಂದು ಹೇಳಿ, ಕಪಾಟನ್ನು ಹೊರಲು ಬಗ್ಗಿದ.

ಅತ್ತಿಗೆ ಆಡಿಕೊಳ್ಳಲಿಲ್ಲ. ಕಪಾಟಿನ ಮೇಲಂಚಿನ ಮೇಲೆ ಕೈಯಿಟ್ಟು ನಿಂತಳು. ಪುಟ್ಟ ಕೈಗಳು ಹಿಡಿದು ಹಿಡಿದು ಅಲ್ಲಿ ಬಣ್ಣವೆಲ್ಲ ಹೋಗಿ ಮರ ನುಣುಪಾಗಿತ್ತು.

"ಇದನ್ನ ಉಳಿಸೋಕಾಗಲ್ವೇನೇ?" ಎಂದು ನಾದಿನಿಯನ್ನು ಕೇಳಿದಳು.

ಗೆದ್ದಲಕ್ಕ ಕಪಾಟನ್ನು ಇನ್ನೊಮ್ಮೆ ಬಡಿದು ನೋಡಿದಳು. ಕೊನೆಗೂ ಆಗಲ್ಲ ಎಂದೇ ಹೇಳಿದಳು.

ಅತ್ತಿಗೆ ಗಂಡನ ಕಡೆ ತಿರುಗಿದಳು.

"ಇಲ್ಲಿಗೆ ಬಂದ ಎಲ್ಲ ಕೂಸುಗಳೂ ಮೊದಲು ಎದ್ದು ನಿಂತಿದ್ದು ಇದನ್ನ ಹಿಡ್ಕೊಂಡೇ ರೀ. ಇನ್ನೊಂದು ನೀವೇ ಮಾಡ್ಕೊಡಿ. ಕಾಲು ಸೊಟ್ಟ ಆದ್ರೂ ಪರವಾಗಿಲ್ಲ, ಎತ್ತರ ಮಾತ್ರ ಇಷ್ಟೇ ಇರ್ಲಿ."

ಅಣ್ಣ ಕಪಾಟನ್ನು ಅಲ್ಲೇ ಬಿಟ್ಟು, ಅಳತೆ ಟೇಪು ತರಲು ಒಳಗೆ ಹೋದ.