ಅಕ್ಷಯ್‌ನ ಸರದಿ

ನೊಂದ ಮಕ್ಕಳನ್ನು ಮಾತಾಡಿಸುವ ಬಗ್ಗೆ ಕುಂದಾಪುರದಲ್ಲಿ ನಡೆದ ತರಬೇತಿ ಮುಗಿಸಿ ಬರುವಾಗ ರಂಜನಿ ಟೀಚರ್ ಒಂದು ಪೆಟ್ಟಿಗೆ ಹೊತ್ತು ತಂದಿದ್ದರು. ಒಳಗೆ ಚಿತ್ರದ ಪುಸ್ತಕಗಳು, ದಾಳ, ಹಾವು-ಏಣಿಯಂಥದೇ ಒಂದು ಆಟದ ಹಲಗೆ. ಕಾಯಿ ನಿಂತ ಮನೆಯಲ್ಲಿ ‘ಸಿಟ್ಟು’ ಎಂದಿದ್ದರೆ ತನ್ನ ಸಿಟ್ಟಿನ ಮಾತು ಹೇಳಬೇಕು, ‘ಹೆದರಿಕೆ’ ಎಂದಿದ್ದರೆ ಹೆದರಿಕೆಯದು. ಗೆದ್ದವರಿಲ್ಲ, ಸೋತವರಿಲ್ಲ.

ಆರನೇ ಕ್ಲಾಸಿಗೆಂದೇ ಅವರು ಅದನ್ನು ಕೇಳಿ ಪಡೆದದ್ದು. ಜ್ವರವೆಂದು ಆಸ್ಪತ್ರೆ ಸೇರಿದ ಅದೇ ಕ್ಲಾಸಿನ ಅಕ್ಷಯ್ ಜೀವಂತ ತಿರುಗಿ ಬಂದಿರಲಿಲ್ಲ. ಅಂದಿನಿಂದ ತೆಕ್ಕಟ್ಟೆಯ ಆ ಶಾಲೆಯಲ್ಲಿ ಒಂದು ಮಗುವೂ ಅವನ ಹೆಸರೆತ್ತಿರಲಿಲ್ಲ. ಹಾಜರಿ ಕರೆಯುವಾಗ ಅವನ ಹೆಸರಿದ್ದ ಜಾಗಕ್ಕೆ ಬಂದರೆ ರಂಜನಿಯ ನಾಲಿಗೆಯೂ ತಡವರಿಸುತ್ತಿತ್ತು.

ಮಕ್ಕಳು ಹಲಗೆಯ ಸುತ್ತ ಕೂತರು. ಸುಜಯ್ ಜೇಬಿನಿಂದ ಒಂದು ಹುಣಸೆಬೀಜ ತೆಗೆದಿಟ್ಟು, “ಇದ್ ಅಕ್ಷಯ್‌ದ್ ಕಾಯಿ” ಎಂದ. ಟೀಚರ್ ಬೇಡವೆನ್ನಲಿಲ್ಲ. ಅಕ್ಷಯ್‌ನ ಸರದಿಗೆ ಸುಜಯನೇ ದಾಳ ಹಾಕಿದ. ಬೀಜ ಖುಷಿಯ ಮನೆಗೆ ಹೋಯಿತು.

“ಅವನಿಗೆ ಹುರ್ದ ಬಂಗುಡೆ ಮೀನ್ ಅಂದ್ರೆ ಖುಷಿ!” ಎಂದ ಸುಜಯ್.

ಎಲ್ಲರೂ ನಕ್ಕರು. ಎಷ್ಟೋ ಸಮಯದ ಮೇಲೆ ಕೇಳಿದ ನಗು. ಮುಂದಿನ ಸುತ್ತಿನಲ್ಲಿ ಅಕ್ಷಯ್‌ನ ಪರವಾಗಿ ಹಾಕುವ ದಾಳ ಧನ್ಯಶ್ರೀಯ ಕೈಗೆ ಬಂತು. ಈ ಸಲ ಬೀಜ ನಿಂತದ್ದು ಸಿಟ್ಟಿನ ಮನೆಯಲ್ಲಿ. “ಅಕ್ಷಯನಿಗೆ ಯಾರ್ ಮೇಲೆ ಸಿಟ್ಟ್?” ಎಂದು ಸುಜಯ್ ಕೇಳಿದ್ದೇ ತಡ, ಧನ್ಯಶ್ರೀ ಹಲಗೆಯನ್ನೇ ಎತ್ತಿ ಬಿಸಾಡಿದಳು.

ರಂಜನಿ ಉಳಿದವರನ್ನು ಬಯಲಿಗೆ ಕಳಿಸಿದರು. ಪೆಟ್ಟಿಗೆಯಿಂದ ತಾಯಿ ಕಳೆದುಕೊಂಡ ಕರುವಿನ ಪುಸ್ತಕ ತೆಗೆದರೆ, ಹುಡುಗಿ ಕೈಯಲ್ಲಿ ದೂಡಿದಳು. “ಕಥೆ ಬ್ಯಾಡ ಟೀಚರ್.”

ರಂಜನಿ ನೆಲದಲ್ಲಿ ಕೂತು ಚೆಲ್ಲಿದ ಕಾಯಿಗಳನ್ನು ಹೆಕ್ಕತೊಡಗಿದರು. ಸ್ವಲ್ಪ ಹೊತ್ತಿಗೆ ಧನ್ಯಶ್ರೀಯೂ ಹೆಕ್ಕಿದಳು.

“ಅವನಿಗೆ ನನ್ನ್ ಮೇಲೇ ಸಿಟ್ಟ್.”

“ಎಂತಕ್ಕೆ ಮಗಾ?”

“ಅವ ಶಾಲಿಗೆ ಬಂದ ಕಡೀ ದಿನ ಓಟದ ಪಂದ್ಯಕ್ಕೆ ಕರ್ದ್ರೆ ತಲೆನೋವು, ಓಡುದಿಲ್ಲ ಅಂದ. ಸೋಲ್ತೆ ಅಂದ್ಹೇಳಿ ನೀ ನಾಟ್ಕ ಮಾಡ್ತೆ ಅಂದೆ ನಾನ್. ಅದ್ಕೇ ಓಡ್ದ. ಅದ್ಕೇ ಜ್ವರ ಬಂತ್.”

ಓಡಿದ್ದಕ್ಕೆ ಅಂಥ ಜ್ವರ ಬರುವುದಿಲ್ಲವೆಂದು ರಂಜನಿ ಬಿಡಿಸಿ ಹೇಳಿದರು. ಹುಡುಗಿ ತಲೆಯಾಡಿಸಿದಳು, ಆದರೆ ನಂಬಲಿಲ್ಲ. “ಅವನ ಅಮ್ಮನ ಹತ್ರ ಹೇಳ್ಕ್” ಎಂದಳು, ಹೇಳಲೇಬೇಕೆಂದು ಹಠ ಹಿಡಿದಳು.

ಅಕ್ಷಯನ ತಾಯಿ ಸುಗುಣ ಮೀನು ಮಾರುವವಳು. ಮಗ ಹೋದ ಮೇಲೆ ಪೇಟೆಯಲ್ಲೂ ತಲೆಯೆತ್ತಿ ಮಾತಾಡುತ್ತಿರಲಿಲ್ಲ. ಆ ಗಾಯವನ್ನು ಕೆದಕುವುದೇ ಎಂದು ರಂಜನಿ ಹಿಂಜರಿದರು. ಆದರೂ ಎರಡೂ ಮನೆಯವರನ್ನು ಕೇಳಿ, ಶನಿವಾರ ಮಧ್ಯಾಹ್ನ ಹುಡುಗಿಯನ್ನು ಸುಗುಣಳ ಮನೆಗೆ ಕರೆದುಕೊಂಡು ಹೋದರು.

“ಕೂಕಣಿ ಟೀಚರೇ” ಎಂದು ಸುಗುಣ ಚಾಪೆ ಹಾಸಿದಳು.

ಧನ್ಯಶ್ರೀ ಕೂರದೆ, ನಿಂತಲ್ಲೇ ಎಲ್ಲವನ್ನೂ ಹೇಳಿ ಮುಗಿಸಿದಳು.

“ಮಾತಿಗೆ ಜ್ವರ ಬಪ್ಪುದಾದ್ರೆ ಊರಲ್ ಯಾರೂ ಉಳೀತಿರ್ಲಿಲ್ಲ ಹೆಣ್ಣೆ” ಎಂದಳು ಸುಗುಣ. ಮತ್ತೆ ಮೆಲ್ಲಗೆ ಕೇಳಿದಳು: “ಅವ ಓಡ್ದನಾ? ಎಲ್ಲಿವರಿಗೆ?”

“ಗೇಟಿನ ವರಿಗೆ.”

“ಗೆದ್ದನಾ?”

“ಹೌದ್. ಗೆದ್ದ್ ನಂಗೆ ನಾಲ್ಗಿ ತೋರ್ಸಿ ನಗಾಡ್ದ.”

ಸುಗುಣ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಆಸ್ಪತ್ರೆಯಲ್ ಅವ ಒಂದ್ ಸಲವೂ ನಗಾಡ್ಲಿಲ್ಲ ಟೀಚರೇ. ಕಣ್ ಮುಚ್ಚಿದ್ರೆ ನಂಗೆ ಆ ಮುಖವೇ ಕಾಂಬುದ್.” ಹುಡುಗಿಯ ಕೈ ಹಿಡಿದು ಹತ್ತಿರ ಎಳೆದಳು. “ಇನ್ನೊಂದ್ ಸಲ ಹೇಳ್. ಹ್ಯಾಂಗ್ ನಗಾಡ್ದ?”

ಧನ್ಯಶ್ರೀ ಮೊದಲಿನಿಂದ ಹೇಳತೊಡಗಿದಳು. ಅರ್ಧಕ್ಕೆ ಬರುವಾಗ ಅವಳಿಗೆ ಅಳು ಒತ್ತರಿಸಿ ಬಂತು. ಸುಗುಣ ಅವಳನ್ನು ಮಡಿಲಿಗೆ ಎಳೆದುಕೊಂಡಳು. ರಂಜನಿ ಎದ್ದು ಜಗಲಿಗೆ ಬಂದು, ಇಬ್ಬರೂ ಅತ್ತು ಮುಗಿಯಲಿ ಎಂದು ಕಾದು ಕೂತರು.